ಹದಿನಾರು ಡಬ್ಬಿಗಳೊಳಗೆ ಕಾಕಾನ ಎಡಗೈ

ನಮ್ಮ ಕಾಕಾ ತಮ್ಮ ಎಡಗೈಯನ್ನು ಒಂದು ಲ್ಯಾಪ್‌ಟಾಪಿಗೆ ದತ್ತು ಕೊಟ್ಟಿದ್ದಾರೆ! ನಂಬಿಕೆ ಬರುವುದಿಲ್ಲ, ಅಲ್ಲವೇ? ಬರಬಾರದು ಕೂಡ. ನಾನು ಹೇಳಿದ್ದನ್ನು ನಮ್ಮ ಮನೆಯಲ್ಲೇ ಯಾರೂ ನಂಬುವುದಿಲ್ಲ. ಮಂದಿಯ ದನಿ, ನಡಿಗೆ, ಸೀನು, ಕೆಮ್ಮು ಎಲ್ಲವನ್ನೂ ನಕಲು ಮಾಡಿ ತೋರಿಸುವುದು ನನ್ನ ಹವ್ಯಾಸ. ಒಮ್ಮೆ ಅಪ್ಪನ ದನಿಯಲ್ಲಿ ಅಮ್ಮನಿಗೆ ಫೋನ್ ಮಾಡಿ "ಊಟಕ್ಕ ಆರ ಮಂದಿ ಬರಾಕತ್ತಾರ, ರೊಟ್ಟಿ ಬಡಿ" ಎಂದಿದ್ದೆ. ಅಮ್ಮ ಬಡಿದರು. ಮೊದಲು ರೊಟ್ಟಿಯನ್ನು, ಆಮೇಲೆ ನನ್ನನ್ನು.

ಆದರೆ ಈ ಸಲ ಹೇಳುತ್ತಿರುವುದು ಖರೆ. ಅರ್ಥವಾಗಿದ್ದು ಮಾತ್ರ ಅಷ್ಟಕ್ಕಷ್ಟೇ.

ಕಾಕಾ ಎಂದರೆ ಅಪ್ಪನ ತಮ್ಮ. ನಾವು ಹುಬ್ಬಳ್ಳಿಯಲ್ಲಿ, ಅವರು ಧಾರವಾಡದ ಮಾಳಮಡ್ಡಿಯಲ್ಲಿ; ನಾನು ಮಾತ್ರ ಬಿಡುವಾದಾಗಲೆಲ್ಲ ಅವರ ಮನೆಯಲ್ಲೇ. ಅವರ ಪ್ರಕಾರ ಧಾರವಾಡದಿಂದ ಹೊರಟ ಸಂಸ್ಕೃತಿಯು ನಡುದಾರಿಯ ನವನಗರದಲ್ಲಿ ಬಸ್ಸಿಳಿದು, ಎದುರು ಬಸ್ಸು ಹಿಡಿದು ವಾಪಸು ಹೋಗಿಬಿಡುತ್ತದೆ. ಹುಬ್ಬಳ್ಳಿಗೆ ಬಂದದ್ದೇ ಇಲ್ಲ. ಮೂವತ್ತು ವರ್ಷ ಅವರು ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಶೀನುಗಳ ಮೇಲ್ವಿಚಾರಕರಾಗಿದ್ದರು. ಹಗಲೆಲ್ಲ ತಗಡು ಬಡಿಯುವ ಮಶೀನುಗಳ ನಡುವೆ, ಸಂಜೆ ತಬಲಾದ ಮುಂದೆ. ಅಲ್ಲಿಯೂ ಬಡಿತ, ಇಲ್ಲಿಯೂ ಬಡಿತ. ಕೆಲಸದ ಮೇಲಿದ್ದಾಗ ಕಣ್ಣು ಮುಚ್ಚಿ ನಿಂತು "ಮೂರನೇ ಮಶೀನು ಲಯ ಬಿಟ್ಟೈತಿ, ಬೇರಿಂಗ್ ನೋಡ್ರಿ" ಎನ್ನುತ್ತಿದ್ದರಂತೆ. ನೋಡಿದರೆ ಬೇರಿಂಗ್ ಸವೆದಿರುತ್ತಿತ್ತಂತೆ. ಇದನ್ನು ಹೇಳಿದವರು ಕಾಕಾನೇ ಆದ್ದರಿಂದ ನೀವು ಅರ್ಧ ನಂಬಿದರೆ ಸಾಕು.

ಅವರ ತಬಲಾ ಕೇಳಿದ್ದು ಬಹುತೇಕ ಒಬ್ಬರೇ. ನಮ್ಮ ಕಾಕೂ, ಅಂದರೆ ಅವರ ಹೆಂಡತಿ. ಕಾಕೂ ಹಾಡುತ್ತಾರೆ. ದೊಡ್ಡ ಕಚೇರಿ ಗಿಚೇರಿ ಅಲ್ಲ. ಮನೆಯಲ್ಲಿ, ಮತ್ತು ವರ್ಷಕ್ಕೊಮ್ಮೆ ಬಡಾವಣೆಯ ಮಹಿಳಾ ಮಂಡಳಿಯ ಸಭೆಯಲ್ಲಿ. ಪಕ್ಕದಲ್ಲಿ ಯಾವಾಗಲೂ ಕಾಕಾ. ಜಗಳವಾಡಿ ನಾಲ್ಕು ದಿನ ಮಾತು ಬಿಟ್ಟಿದ್ದಾಗಲೂ ತಾಳ ಬಿಟ್ಟವರಲ್ಲ.

ಒಂದೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಕಾಕಾನಿಗೆ ಪಾರ್ಶ್ವವಾಯು ಹೊಡೆಯಿತು. ಕಾಲು ಸುಧಾರಿಸಿತು. ಮಾತು ವಾಪಸು ಬಂತು. "ಅದೊಂದ ಸ್ವಲ್ಪ ಸಾವಕಾಶ ಬಂದಿದ್ರ ಛಲೋ ಇತ್ತು" ಎಂದು ಕಾಕೂ ಇವತ್ತಿಗೂ ಹೇಳುತ್ತಾರೆ. ಎಡಗೈ ಮಾತ್ರ ಸರಕಾರಿ ಕಚೇರಿಯ ಕಡತದ ಹಾಗಾಯಿತು. ಏಳುತ್ತದೆ, ಮುಂದಕ್ಕೂ ಹೋಗುತ್ತದೆ, ಆದರೆ ಯಾವಾಗ ಎಂದು ಕೇಳಬಾರದು! ತಬಲಾ ಎಂದರೆ ಎರಡು: ಬಲಗೈಗೆ ಟಣಟಣ ಎನ್ನುವ ಚಿಕ್ಕದು, ಎಡಗೈಗೆ 'ಘೇ' ಎಂದು ಗುನುಗುವ ದುಂಡನೆಯ ಡಗ್ಗಾ. ಕಾಕಾನಿಗೆ ಉಳಿದದ್ದು ಟಣಟಣ ಮಾತ್ರ.

ಆ ವರ್ಷ ಮಂಡಳಿಯವರು ಕರೆಯಲು ಬಂದರು. ಬೇರೆ ತಬಲಾದವರನ್ನು ಕರೆಸುತ್ತೇವೆ ಎಂದರು. ಕಾಕೂ "ನನ್ನ ಗಂಟಲ ಸರಿ ಇಲ್ರಿ" ಎಂದು ಚಹಾ ಕೊಟ್ಟು ಕಳಿಸಿದರು. ಅವರು ಗೇಟು ದಾಟಿದ ಮೇಲೆ ಕಾಕಾ ನನ್ನನ್ನು ಕರೆದು ಪಿಸುಗುಟ್ಟಿದರು: "ಆಕಿ ಗಂಟಲಕ್ಕ ಏನೂ ಆಗಿಲ್ಲೋ. ನನ್ನ ಕೈಗೆ ಆಗೇತಿ. ಮುಂದಿನ ಸಲ ಆಕಿ ಹಾಡಬೇಕು. ಏನರ ಮಾಡಬೇಕಲೇ."

ಈ 'ಏನರ' ಎಂಬುದು ನನ್ನ ತಲೆಗೆ ಬಂತು. ಮೊಬೈಲಿನಲ್ಲಿ ತಬಲಾ ಬಾರಿಸುವ ಆ್ಯಪು ಬೇಕಾದಷ್ಟಿವೆ. ಒತ್ತಿದರೆ ಸಾಕು, ಎರಡೂ ಕೈ ಬಾರಿಸುತ್ತವೆ. ತೋರಿಸಿದೆ. ಕಾಕಾ ಕಿವಿಗೊಟ್ಟು ಕೇಳಿ, "ಬಾಳ ಛಲೋ ಬಾರಸ್ತಾನ. ಮತ್ತ ನಾ ಎಲ್ಲೆ ಕುಂಡರಲಿ?" ಎಂದರು. "ಪಕ್ಕದಾಗ ಕುಂಡರ್ರಿ" ಎಂದೆ. "ಪಕ್ಕದಾಗ ಕುಂತು ಏನ್ ಮಾಡ್ಲಿ, ಅವಗ ಗಾಳಿ ಬೀಸಲ್ಯಾ?"

ಅವರಿಗೆ ಬೇಕಾದದ್ದು ಅರ್ಧ ತಬಲಾ. ಬಲಗೈ ತಮ್ಮದೇ, ಎಡಗೈ ಮಾತ್ರ ಬಾಡಿಗೆಯದು. ಅರ್ಧ ಮೀಸೆ ಬೋಳಿಸುವ ಕ್ಷೌರಿಕ ಸಿಕ್ಕಾನು, ಅರ್ಧ ತಬಲಾ ಬಾರಿಸುವ ಆ್ಯಪು ಎಲ್ಲಿಂದ ತರುವುದು? ನನ್ನ ಗೆಳೆಯನೊಬ್ಬ ಮೆರವಣಿಗೆಗಳಿಗೆ ಡಿಜೆ ಹಾಕುತ್ತಾನೆ. ಅವನ ಹತ್ತಿರ ಇದ್ದ ಒಂದು ಸಾಫ್ಟ್‌ವೇರನ್ನು, ತಮಾಷೆ ನೋಡೋಣವೆಂದು, ಕಾಕಾನ ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಸೀಕ್ವೆನ್ಸರ್ ಎನ್ನುತ್ತಾರೆ. ಪರದೆಯ ಮೇಲೆ ಸಾಲಾಗಿ ಹದಿನಾರು ಡಬ್ಬಿಗಳು. ಒಂದು ಬೆಳಕಿನ ಗೆರೆ ಎಡದಿಂದ ಬಲಕ್ಕೆ ಓಡುತ್ತದೆ. ನೀವು ಒತ್ತಿ ಬಣ್ಣ ತುಂಬಿದ ಡಬ್ಬಿಯ ಮೇಲೆ ಬಂದರೆ ಸದ್ದು, ಖಾಲಿ ಡಬ್ಬಿಯ ಮೇಲೆ ಬಂದರೆ ಮೌನ. ಹದಿನಾರು ಮುಗಿದೊಡನೆ ಮತ್ತೆ ಒಂದಕ್ಕೆ.

ಶುರು ಮಾಡಿದೊಡನೆ ಅದು ತನ್ನ ಹುಟ್ಟುಗುಣದಂತೆ ಧುಂ ಚಿಕ್ ಧುಂ ಚಿಕ್ ಎಂದು ಕುಣಿಯತೊಡಗಿತು. ಎದುರು ಮನೆಯ ಅಜ್ಜಿ ಕಿಟಕಿಯಿಂದ "ಗಣಪತಿ ಕಳಸಾಕತ್ತೀರೇನ್ರಿ ಈಗ?" ಎಂದು ಕೇಳಿದರು. ನಾನು ಕಾಕಾನಿಂದ ಬೈಗುಳ ತಿನ್ನಲು ಸಿದ್ಧನಾಗಿ ನಿಂತೆ. ಕಾಕಾ ಬೈಯಲಿಲ್ಲ. ಕನ್ನಡಕ ಮೇಲೇರಿಸಿ ಪರದೆಗೆ ಮೂಗು ಹಚ್ಚಿದರು. ಡಬ್ಬಿಗಳು ನಾಲ್ಕು ನಾಲ್ಕರ ಗುಂಪಾಗಿ, ನಾಲ್ಕು ಬಣ್ಣದಲ್ಲಿದ್ದವು.

"ಲೇ, ಇದು ತೀನ್‌ತಾಲ ಅಲ್ಲೇನೋ!"

"ಡಿಜೆ ಐತ್ರಿ ಕಾಕಾ."

"ನಿನ್ನ ತಲಿ ಐತಿ. ಹದಿನಾರು ಮಾತ್ರಿ, ನಾಕ ನಾಕರ ವಿಭಾಗ, ತಿರುಗಿ ಒಂದಕ್ಕ ಬರೋದು. ನಮ್ಮ ತಾಳ ಕದ್ದು ಕುಣ್ಯಾಕ ಹತ್ಯಾರ ನೋಡ!"

ಅಂದಿನಿಂದ ಕಾಕಾ ಆ ಪರದೆಯ ಮುಂದಿನಿಂದ ಎದ್ದದ್ದು ಸ್ನಾನ, ಊಟ ಮತ್ತು ಕಾಕೂನ ಬೈಗುಳಕ್ಕೆ ಮಾತ್ರ.

ಮೊದಲ ಕಷ್ಟ ಸದ್ದಿನದು. ಅದರೊಳಗಿದ್ದದ್ದು ಡಿಜೆಯ ಡೋಲು. ಎದೆಗೆ ಗುದ್ದಿದ ಹಾಗೆ. ಕಾಕಾ ಒಂದು ಹಳೆಯ ಕ್ಯಾಸೆಟ್ಟು ಹುಡುಕಿ ತೆಗೆದರು. ಅದರಲ್ಲಿ ಕಾಕೂ ಹಾಡಿದ್ದು, ಕಾಕಾ ಎರಡೂ ಕೈಯಿಂದ ಬಾರಿಸಿದ್ದು. ಅದರಿಂದ ಡಗ್ಗಾದ ಒಂದು 'ಘೇ' ಕತ್ತರಿಸಿ ಡಬ್ಬಿಗೆ ತುಂಬಿದೆವು. ಆದರೆ ಕತ್ತರಿಸಿದ ಚೂರಿನಲ್ಲಿ ಕಾಕೂನ ಆಲಾಪದ ಒಂದು ಚಿಟಿಕೆಯೂ ಅಂಟಿಕೊಂಡು ಬಂದಿತ್ತು. ಒತ್ತಿದೊಡನೆ ಘೇಆ! ಘೇಆ! ಘೇಆ! ಅಡುಗೆಮನೆಯಿಂದ ಕಾಕೂ ಹೊರಗೆ ಬಂದರು. "ನಾ ಎಲ್ಲೆ ಒದರಾಕತ್ತೇನಿ ಅಂತ ಹುಡುಕ್ಕೋತ ಬಂದ್ಯಾ. ನನ್ಯಾಕ ಹಿಂಗ ಕುಟ್ಟಾಕತ್ತೀರಿ?"

ಆಮೇಲೆ ಬಾರಿಸಲು ನನ್ನ ಕೈಗೇ ಡಗ್ಗಾ ಕೊಟ್ಟು ನೋಡಿದರು. ಕಾಕಾ ಒಂದೇ ಏಟಿಗೆ "ಸಾಕು, ಅದಕ್ಕೂ ಜೀವ ಐತಿ" ಎಂದು ಕಸಿದುಕೊಂಡರು. ಅದನ್ನು ಬದಿಗಿಟ್ಟು ಕೇಳಿದರು:

"ಮದವಿ ಮನ್ಯಾಗ ನನ್ನ ಕೈ ನಕಲ ಮಾಡಿದ್ಯಂತಲ್ಲೋ?"

ಮಾಡಿದ್ದೆ. ಎಡಗೈಯಲ್ಲಿ ಚಹಾದ ಕಪ್ಪು ಹಿಡಿಯಲು ಹೋಗಿ, ಕೈ ತಡವಾಗಿ ಏಳುವುದು, ಅಷ್ಟರಲ್ಲಿ ಬಲಗೈ ಬಂದು ಕಪ್ಪು ತೆಗೆದುಕೊಂಡುಬಿಡುವುದು. ಮಂದಿ ಬಿದ್ದು ಬಿದ್ದು ನಕ್ಕಿದ್ದರು. ಬಾಗಿಲಲ್ಲಿ ಕಾಕೂ ನಿಂತಿದ್ದು ನನಗೆ ಆಮೇಲೆ ಕಂಡಿತ್ತು. ಅವರು ನಕ್ಕಿರಲಿಲ್ಲ.

"ತಪ್ಪಾತ್ರಿ ಕಾಕಾ."

"ತಪ್ಪಿನ ಮಾತ ಬಿಡು. ಕೈ ಸುಮ್ನ ಬಿದ್ದದ್ದು ನಕಲ ಮಾಡಿದಿ. ಈಗ ಅದು ಬಾರಸ್ತಿದ್ದದ್ದು ನಕಲ ಮಾಡು. ಬಾಯಿ ತಗಿ. ಘೇ ಅನ್ನು."

ಹೀಗೆ ನಾನು ಒಂದು ವಾರ 'ಘೇ' ಅಂದೆ. ಕುಳಿತು, ನಿಂತು, ಬಕೆಟ್ಟಿನೊಳಗೆ ತಲೆ ಹಾಕಿ! ಕಾಕಾ ಒಂದೊಂದನ್ನೂ ತಿರಸ್ಕರಿಸಿದರು. "ಇದು ಎಮ್ಮಿ. ಇದು ನೆಗಡಿ ಆದ ಎಮ್ಮಿ. ಇದು ನಿಮ್ಮಪ್ಪ." ಕೊನೆಗೆ ನಲವತ್ತನೆಯದೋ ಐವತ್ತನೆಯದೋ ಪಾಸಾಯಿತು. ಹಾಗಾಗಿ ಕಾಕಾನ ಎಡಗೈ ಎಂದು ಲೋಕಕ್ಕೆ ಕೇಳಿಸುವುದು ವಾಸ್ತವದಲ್ಲಿ ನನ್ನ ಬಾಯಿ. ಊರನ್ನೆಲ್ಲ ಆಡಿಕೊಳ್ಳುವ ಬಾಯಿ ಕೊನೆಗೂ ಒಂದು ಡಬ್ಬಿಯಲ್ಲಿ ಬಂದಿಯಾಯಿತೆಂದು ಅಮ್ಮ ಖುಷಿಪಟ್ಟರು.

ಎರಡನೆಯ ಕಷ್ಟ ವೇಗದ್ದು. ನಿಮಿಷಕ್ಕೆ ಎಷ್ಟು ಡಬ್ಬಿ ಎಂದು ಸಾಫ್ಟ್‌ವೇರ್ ಕೇಳುತ್ತದೆ. ಕಾಕೂನ ವೇಗ ಎಷ್ಟು? ಅವರು ಹಾಡುವುದನ್ನೇ ಬಿಟ್ಟಿದ್ದಾರಲ್ಲ! ಕಾಕಾ ಗಡಿಯಾರ ಹಿಡಿದು ಅಡುಗೆಮನೆಯಲ್ಲಿ ಕುಳಿತರು. ಕಾಕೂ ತರಕಾರಿ ಹೆಚ್ಚುವುದು ಅವರ ಹಾಡಿನ ಲಯದಲ್ಲೇ ಎಂಬುದು ಅವರ ಸಂಶೋಧನೆ. ಕಾಕೂ ಎರಡು ದಿನ ತಾಳಿಕೊಂಡರು. ಮೂರನೆಯ ದಿನ ಚಾಕು ಕೆಳಗಿಟ್ಟು, "ಏನ್ರಿ, ಬದನಿಕಾಯಿ ಹೋಳು ಎಣಸಾಕತ್ತೀರಿ? ನಾ ಏನ್ ಕದ್ದು ತಿಂತೇನಿ?" ಎಂದರು. ನಿಮಿಷಕ್ಕೆ ನೂರಾ ಹತ್ತು ಎಂದು ತೀರ್ಮಾನವಾಯಿತು. ಬೆಂಡೆಕಾಯಿಯಾದರೆ ಇನ್ನೂ ಆರು ಹೆಚ್ಚು.

ಮೂರನೆಯದರಲ್ಲಿ ತಪ್ಪು ನನ್ನದು. ಅದನ್ನು ಹೇಳದಿದ್ದರೆ ಕಾಕಾ ಹೇಳುತ್ತಾರೆ, ಅದಕ್ಕಿಂತ ನಾನೇ ಹೇಳುವುದು ಲೇಸು. ಒಂದು ದಿನ ಕಾಕಾ ನಿದ್ದೆ ಮಾಡುತ್ತಿದ್ದಾಗ ಪರದೆ ನೋಡಿದೆ. ಒಂದರಿಂದ ಎಂಟರವರೆಗೆ ಡಬ್ಬಿಗಳು ತುಂಬಿವೆ, ಹದಿಮೂರರಿಂದ ಹದಿನಾರರವರೆಗೂ ತುಂಬಿವೆ. ನಡುವೆ ನಾಲ್ಕು ಖಾಲಿ. ಪಾಪ, ಒಂದೇ ಕೈ, ದಣಿದು ಅರ್ಧಕ್ಕೆ ಬಿಟ್ಟು ಮಲಗಿದ್ದಾರೆ ಎಂದುಕೊಂಡು, ಆ ನಾಲ್ಕನ್ನೂ ನೀಟಾಗಿ ತುಂಬಿ, ಸೇವ್ ಮಾಡಿ, ಪುಣ್ಯ ಕಟ್ಟಿಕೊಂಡೆ.

ಎದ್ದ ಮೇಲೆ ಕಾಕಾ ಹಾಕಿದ ಕೂಗು ರಸ್ತೆಗೆ ಕೇಳಿಸಿತು. "ನನ್ನ ಖಾಲಿ ಯಾರು ತುಂಬ್ಯಾರಲೇ!"

ಅಡುಗೆಮನೆಯಿಂದ ಕಾಕೂ: "ನಾನ ತುಂಬೇನಿ! ಸಕ್ಕರಿ ಮುಗದಿತ್ತು."

"ಸಕ್ಕರಿ ಅಲ್ಲ, ಖಾಲಿ! ಒಂಬತ್ತರ ಖಾಲಿ!"

"ಒಂಬತ್ತಲ್ರಿ, ಮೂರ ಡಬ್ಬಿ ಖಾಲಿ ಇದ್ವು. ಮೂರೂ ತುಂಬೇನಿ."

ಯಾರು ಯಾವ ಖಾಲಿಯ ಮಾತಾಡುತ್ತಿದ್ದಾರೆಂದು ತಿಳಿಯದೆ ನಾನು ಇಬ್ಬರ ನಡುವೆ ನಿಂತುಬಿಟ್ಟೆ. ಆಮೇಲೆ ಕಾಕಾ ವಿವರಿಸಿದರು. ತೀನ್‌ತಾಲದ ಒಂಬತ್ತನೆಯ ಮಾತ್ರೆಯಿಂದ ಶುರುವಾಗುವ ನಾಲ್ಕರ ಜಾಗಕ್ಕೇ 'ಖಾಲಿ' ಎಂದು ಹೆಸರು. ಅಲ್ಲಿ ಡಗ್ಗಾ ಸುಮ್ಮನಾಗುತ್ತದೆ, ಬಲಗೈ ಒಂದೇ ನಡೆಯುತ್ತದೆ. ಹಾಡುವವರಿಗೆ ತಾವು ಎಲ್ಲಿದ್ದೇವೆ ಎಂದು ಗೊತ್ತಾಗುವುದು ಅದರಿಂದಲೇ. "ಖಾಲಿ ಇಲ್ದಿದ್ರ ಆಕಿ ಎಲ್ಲೆ ಬಂದೇನಿ ಅಂತ ಹೆಂಗ ತಿಳೀಬೇಕು? ಖಾಲಿ ಇಡಾಕ ನನಗ ಎರಡ ದಿನ ಹತ್ಯಾವ!" ಖಾಲಿ ಡಬ್ಬಿಗಳನ್ನು ಖಾಲಿ ಇಡಲು ಎರಡು ದಿನ ಯಾಕೆ ಬೇಕು? ನನಗೆ ಈಗಲೂ ಅರ್ಥವಾಗಿಲ್ಲ. ಕೇಳಲು ಧೈರ್ಯವೂ ಇಲ್ಲ.

ಇಷ್ಟಾದ ಮೇಲೆ ಸುಮ್ಮನೆ ಅದೊಂದನ್ನೇ ತಿರುಗಿಸುತ್ತಿರಬಾರದೇ? ಉಹೂಂ! ಕಾಕಾ ಬೇರೆ ಬೇರೆ ನಮೂನೆಗಳನ್ನು ಮಾಡತೊಡಗಿದರು. ಸಾಫ್ಟ್‌ವೇರು ಅವಕ್ಕೆ ಎ, ಬಿ, ಸಿ ಎಂದು ಹೆಸರಿಡುತ್ತದೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಕಳೆದವರಿಗೆ ಎ, ಬಿ, ಸಿ ಎಂದರೆ ಏನು? ಶಿಫ್ಟು! ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಟ್ಟರು: ಎ ಶಿಫ್ಟಿಗೆ ಸಾದಾ ಠೇಕಾ ಅಂದರೆ ತಾಳದ ಮೂಲ ನಡೆ, ಬಿ ಶಿಫ್ಟಿಗೆ ಹದಿನಾಲ್ಕನೆಯ ಡಬ್ಬಿಯಲ್ಲಿ ಒಂದು ಪೆಟ್ಟು ಕಡಿಮೆ, ಸಿ ಶಿಫ್ಟಿಗೆ ಮುಕ್ತಾಯ. ಸಿ ಬಂತೆಂದರೆ ಮೂರು ಜೋರು ಪೆಟ್ಟು, ಬಾಗಿಲು ಬಂದ್. ನಡುವೆ ಎಂಟು ಹತ್ತು ಉಪಶಿಫ್ಟುಗಳು. 'ಮನಬಂದಂತೆ ಬದಲಿಸು' ಎಂಬ ಒಂದು ಗುಂಡಿಯೂ ಇತ್ತು. ಒತ್ತಿದರು. ಪೆಟ್ಟುಗಳು ಎಲ್ಲೆಂದರಲ್ಲಿ ಬಿದ್ದವು. ಕಾಕಾ ತಲೆದೂಗಿ, "ನಿಮ್ಮಪ್ಪ ಕಚೇರ್ಯಾಗ ತೊಡಿ ತಟ್ಟಿದಂಗ ಐತಿ" ಎಂದು ಅದನ್ನು ಅಪ್ಪನ ಹೆಸರಿನಲ್ಲೇ ಸೇವ್ ಮಾಡಿದರು.

ಒಂದು ಸಲ ಕೇಳಿಯೇಬಿಟ್ಟೆ. "ಎ ಒಂದ ಹಾಕಿ ಬಿಡ್ರಿ ಕಾಕಾ, ತಿರಗ್ಲಿ."

"ಬೀಸೋ ಕಲ್ಲೇನಲೇ ಇದು?" ಎಂದು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. ಪ್ರತಿ ಶಿಫ್ಟಿನ ಮುಂದೆ ಷರಾ ಇತ್ತು. 'ಇಲ್ಲಿ ಉಸಿರು ತಗೋತಾಳ.' 'ಇಲ್ಲಿ ಕಣ್ಣು ಮುಚ್ಚುತಾಳ, ಸದ್ದು ಕಡಿಮಿ.' 'ಮ್ಯಾಲಿನ ಸ್ವರಕ್ಕ ಹೊಂಟಾಳ, ದಾರಿ ಬಿಡು.' ಬೇರಿಂಗ್ ಸವೆದ ಮಶೀನಿಗೂ ಯಾರೂ ಇಷ್ಟು ವಿವರವಾಗಿ ರಿಪೋರ್ಟು ಬರೆದಿರಲಿಕ್ಕಿಲ್ಲ.

ಸ್ಪೀಕರು ತರಲು ನಾವಿಬ್ಬರೂ ಲ್ಯಾಪ್‌ಟಾಪು ಹೊತ್ತು ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದೆವು. ಕಾಕಾ ಅಂಗಡಿಯಲ್ಲಿದ್ದ ಪ್ರತಿ ಸ್ಪೀಕರಿಗೂ ಕಿವಿ ಹಚ್ಚಿ ನನ್ನ 'ಘೇ' ಕೇಳಿದರು. ಅಂಗಡಿಯವನು "ಬ್ಲೂಟೂತ್ ಐತ್ರಿ ಅಜ್ಜಾರ, ವಾಯರ್ ಬ್ಯಾಡ" ಎಂದ. ಕಾಕಾ ಪರದೆ ನೋಡಿದರು, ಸ್ಪೀಕರ್ ನೋಡಿದರು. "ದೀಪ ಮೊದಲ ಬರ್ತೈತಿ, ಸದ್ದು ಆಮ್ಯಾಲ ಬರ್ತೈತಿ. ಮಿಂಚು ಗುಡುಗಿನ ಹಂಗ. ವಾಯರ್ ಇರೋದು ಕೊಡ್ರಿ." ಅವನಿಗೆ ಏನೂ ತಿಳಿಯಲಿಲ್ಲ. ನನಗೂ. ನಾನೂ ಅವನೂ ಒಬ್ಬರ ಮುಖ ಒಬ್ಬರು ನೋಡಿದೆವು, ಅವನು ವಾಯರಿನ ಸ್ಪೀಕರು ಕಟ್ಟಿಕೊಟ್ಟ.

ಕಾಕೂ ಮಾತ್ರ ಇದಾವುದಕ್ಕೂ ಸೊಪ್ಪು ಹಾಕಿರಲಿಲ್ಲ. ಅವರ ಪಾಲಿಗೆ ಅದು 'ಆಟಗಿ', ಮಕ್ಕಳ ಆಟಿಕೆ. ಒಂದು ಮಧ್ಯಾಹ್ನ ಕಾಕಾ ಗೋಡೆಗೆ ಒರಗಿ ಬಲಗೈಯಲ್ಲಿ ಬಾರಿಸುತ್ತಿದ್ದರು, ಲ್ಯಾಪ್‌ಟಾಪು ಎಡಗೈಯಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆಮೇಲೆ ಬಹಳ ಸಣ್ಣಗೆ ಒಂದು ಸಾಲು ಕೇಳಿಸಿತು. ಕಾಕಾ ತಲೆ ಎತ್ತಲಿಲ್ಲ. ನನಗೆ ಕಣ್ಣಿನಲ್ಲೇ 'ಅಲುಗಾಡಬ್ಯಾಡ' ಎಂದರು. ಮೂಗಿನ ಮೇಲೆ ನೊಣ ಕುಳಿತಿತ್ತು, ನಾನು ಅಲುಗಲಿಲ್ಲ. ಸಂಜೆ ಚಹಾ ಕೊಡುವಾಗ ಕಾಕೂ, "ಮಂಡಳ್ಯಾಗ ಒಂದ ಪದ ಹಾಡ್ತೇನಿ. ಒಂದ. ಆಮ್ಯಾಲ ಕಾಡಬ್ಯಾಡ್ರಿ" ಎಂದರು. ಕಾಕಾ ಅವಸರದಲ್ಲಿ ಎಡಗೈಯಿಂದ ಕಪ್ಪು ಹಿಡಿಯಲು ಹೋಗಿ ಬಟ್ಟೆಯ ಮೇಲೆಲ್ಲ ಚಹಾ ಚೆಲ್ಲಿಕೊಂಡರು. ನನಗೆ ಆಗ ನಗು ಬರಲಿಲ್ಲ.

ಪದಕ್ಕೆ ಲೆಕ್ಕವಾಯಿತು. ಹದಿನಾರು ಡಬ್ಬಿಗಳ ಒಂದು ಸುತ್ತಿಗೆ ಒಂದು ಆವರ್ತನ. ಹೀಗೆ ನಲವತ್ತೆಂಟು ಆವರ್ತನ. ಎ ಮೂರು ಸಲ, ಬಿ ಒಂದು ಸಲ, ಮತ್ತೆ ಎ, ಹೀಗೆ ಸರಪಳಿ ಕಟ್ಟಿ ಕೊನೆಗೆ ಸಿ. ಮನೆಯಲ್ಲಿ ಹನ್ನೊಂದು ಸಲ ತಾಲೀಮು. ಹನ್ನೊಂದು ಸಲವೂ ಇಬ್ಬರೂ ಒಟ್ಟಿಗೆ ಮುಗಿಸಿದರು.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಮಂಡಳಿಯ ಸಭಾಗೃಹ ತುಂಬಿತ್ತು. ವೇದಿಕೆಯ ಮೇಲೆ ಕಾಕೂ, ಅವರ ಬಲಕ್ಕೆ ಕಾಕಾ. ಇಬ್ಬರ ನಡುವೆ ಡಗ್ಗಾ. ಬಾರಿಸುವವರಿಲ್ಲದಿದ್ದರೂ ಅದು ಬೇಕೇ ಬೇಕು, ಇಲ್ಲವಾದರೆ ಒಂದು ಕಾಲಿಗೆ ಚಪ್ಪಲಿ ಹಾಕಿದ ಹಾಗಿರುತ್ತದೆ ಎಂದು ಕಾಕಾ ಹಠ ಹಿಡಿದಿದ್ದರು. ಎಡಗೈ ಶಾಲಿನ ಕೆಳಗೆ. ಸ್ಪೀಕರು ಡಗ್ಗಾದ ಹಿಂದೆ. ಲ್ಯಾಪ್‌ಟಾಪಿನ ಜೊತೆ ವೇದಿಕೆಯ ಪರದೆಯ ಮರೆಯಲ್ಲಿ ನಾನು.

ಶುರುವಾಯಿತು. ಕಾಕೂನ ದನಿ ಮೊದಲ ಸಾಲಿನಲ್ಲಿ ನಡುಗಿತು, ಎರಡನೆಯದರಲ್ಲಿ ನಿಂತಿತು, ಮೂರನೆಯದರಲ್ಲಿ ಸಭಾಗೃಹ ತುಂಬಿತು. ನನ್ನ 'ಘೇ' ಖಾಲಿಯಲ್ಲಿ ಸುಮ್ಮನಾಗಿ, ಮತ್ತೆ ಬಂದು, ಉಸಿರಿನ ಜಾಗದಲ್ಲಿ ದಾರಿ ಬಿಟ್ಟು, ಎಷ್ಟು ಸಭ್ಯವಾಗಿ ನಡೆಯಿತೆಂದರೆ ಅದು ನನ್ನ ಬಾಯಿಯೇ ಎಂದು ನನಗೆ ಅನುಮಾನ ಬಂತು. ಮುಂದಿನ ಸಾಲಿನ ಒಬ್ಬರು ಪಕ್ಕದವರಿಗೆ "ಕೈ ಶಾಲಿನ್ಯಾಗ ಐತಿ, ಡಗ್ಗಾ ಹೆಂಗ ಮಾತಾಡಾಕತ್ತೈತ್ರಿ?" ಎಂದು ಕೇಳಿ ಕೈ ಮುಗಿದುಬಿಟ್ಟರು.

ಅಷ್ಟರಲ್ಲಿ ಒಂದು ಅನಾಹುತವಾಯಿತು. ಕಾಕೂನಿಗೆ ಖುಷಿಯಾಯಿತು!

ಖುಷಿಗೆ ನಾವು ಡಬ್ಬಿ ಇಟ್ಟಿರಲಿಲ್ಲ. ಒಂದೂವರೆ ವರ್ಷ ಮುಚ್ಚಿಟ್ಟ ಗಂಟಲು. ಒಂದು ಸಾಲನ್ನು ಎರಡು ಸಲ ಹಾಡುವ ಕಡೆ ಮೂರು ಸಲ ಹಾಡಿದರು, ಮತ್ತೆ ನಾಲ್ಕನೆಯ ಸಲ ಅದನ್ನೇ ಬೇರೆ ಬಗೆಯಲ್ಲಿ ತಿರುಗಿಸಿದರು. ಕಾಕಾ ಕಣ್ಣು ಮುಚ್ಚಿ ತಲೆದೂಗುತ್ತ ಜೊತೆಗೆ ಹೋದರು. ಲ್ಯಾಪ್‌ಟಾಪು ಹೋಗಲಿಲ್ಲ. ಅದಕ್ಕೆ ಓವರ್‌ಟೈಮ್ ಗೊತ್ತಿಲ್ಲ. ಕಾಕೂ ಪದದ ನಟ್ಟನಡುವೆ ಇರುವಾಗಲೇ ಸಿ ಶಿಫ್ಟು ಬಂತು. ಘೇ! ಘೇ! ಘೇ! ಮೂರು ಜೋರು ಪೆಟ್ಟು. ಬಾಗಿಲು ಬಂದ್.

ಆಮೇಲೆ ಕೇಳಿಸಿದ್ದು ಕಾಕಾನ ಬಲಗೈ ಒಂದೇ. ಟಣ ಟಣ ಟಣ. ಇಡೀ ಪದವೇ ಖಾಲಿಗೆ ಬಿದ್ದ ಹಾಗೆ.

ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಆದರೆ ಯಾವಾಗ ಒತ್ತುವುದು? ಒಂದನೆಯ ಡಬ್ಬಿ ಒಂದನೆಯ ಮಾತ್ರೆಗೇ ಬೀಳಬೇಕು. ಈಗ ನಡೆಯುತ್ತಿರುವುದು ಎಷ್ಟನೆಯದು? ಐದೇ? ಹದಿಮೂರೇ? ಒಂದು ವರ್ಷ ಈ ಹದಿನಾರರ ಜೊತೆ ಬದುಕಿದ್ದೇನೆ, ಒಂದು ಎಲ್ಲಿದೆ ಎಂದು ನನಗೆ ಗೊತ್ತಿಲ್ಲ! ಕಾಕಾ ಕಣ್ಣು ತೆರೆದರು. ಕಾಕೂನ ದನಿ ಹಿಂದೆ ಸರಿಯತೊಡಗಿದ್ದು ನನಗೂ ಕೇಳಿಸಿತು. ಇನ್ನೊಂದು ಸುತ್ತು ಹೀಗೇ ಹೋದರೆ ಹಾಡು ನಿಲ್ಲುತ್ತದೆ. ಇವತ್ತು ನಿಂತದ್ದು ಮತ್ತೆ ಏಳುವುದಿಲ್ಲ.

ತೊಡೆಯ ಮೇಲೆ ತಾಳ ಎಣಿಸುತ್ತಿದ್ದ ಕಾಕೂನ ಬಲಗೈ ಎದ್ದು ಡಗ್ಗಾದ ಮೇಲೆ ಬಿತ್ತು. ಧಪ್! ಕುಂಬಳಕಾಯಿ ತಟ್ಟಿ ನೋಡಿದ ಸದ್ದು. ಹಾಡು ನಿಲ್ಲಿಸದೆ, ಕಾಕಾನ ಕಡೆ ನೋಡದೆ, ಮತ್ತೆ ಒಂದು ಧಪ್. ಖಾಲಿ ಬಂದಾಗ ಕೈ ಎತ್ತಿ ಹಿಡಿದರು, ಮುಗಿದೊಡನೆ ಇಳಿಸಿದರು.

ಮೈಕಿನಲ್ಲಿ ಕಾಕಾನ ದನಿ ಎಲ್ಲರಿಗೂ ಕೇಳಿಸಿತು. "ಅರ್ಧ ಮಾತ್ರಿ ತಡಾ."

ಕಾಕೂ ಎರಡು ಸಾಲಿನ ನಡುವೆ ಉಸಿರು ಎಳೆದುಕೊಳ್ಳುವಾಗ: "ಗೊತ್ತೈತಿ, ನಡೀರಿ."

ಸಭಾಗೃಹವೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಶಾಲು ಅಲುಗಿತು. ಕಾಕಾನ ಎಡಗೈ ತನ್ನದೇ ವೇಗದಲ್ಲಿ, ಅಂದರೆ ಯಾವ ವೇಗದಲ್ಲಿಯೂ ಅಲ್ಲ, ಹೊರಗೆ ಬಂದು, ಒಂದು ಪೂರ್ತಿ ಆವರ್ತನ ತೆಗೆದುಕೊಂಡು ಡಗ್ಗಾದ ಅಂಚು ಹತ್ತಿ, ಕಾಕೂನ ಮಣಿಕಟ್ಟಿನ ಮೇಲೆ ಬಂದು ಬಿತ್ತು. ಬಾರಿಸಲು ಅದಕ್ಕೆ ಆಗುವುದಿಲ್ಲ. ಸುಮ್ಮನೆ ಬಿದ್ದುಕೊಂಡಿತು. ಡಗ್ಗಾಕ್ಕೆ ಬೆರಳಿನ ಪೆಟ್ಟಿನಷ್ಟೇ ಮಣಿಕಟ್ಟಿನ ಭಾರವೂ ಬೇಕಂತೆ. ಒತ್ತಿದರೇನೇ ಸದ್ದು ಬಾಗಿ ಒಳಗಿನಿಂದ ಬರುತ್ತದಂತೆ. ಕಾಕೂನ ಮುಂದಿನ ಪೆಟ್ಟು ಧಪ್ ಎನ್ನಲಿಲ್ಲ.

"ಕೈ ಭಾರ ಐತ್ರಿ" ಎಂದರು ಕಾಕೂ ಮೆಲ್ಲಗೆ.

"ಅದೊಂದ ಉಳದೈತಿ" ಎಂದರು ಕಾಕಾ. "ಇಟ್ಕೋ."

ಕಾಕೂ ಮುಂದಿನ ಸಾಲು ಎತ್ತಿಕೊಂಡರು.